ವರಿಷ್ಠರು ಎಂದರೆ ಯಾರಲ್ಲಿ ವರಿಷ್ಠರು?

ನುಡಿ ಜಿಜ್ಞಾಸೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಪ್ರೌಢಶಾಲೆಯ ಕನ್ನಡ ಶಿಕ್ಷಕಿ. ಪತ್ರಿಕೆಯ ಒಂದೇ ಪುಟದಲ್ಲಿ ‘ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿ’, ‘ಪಕ್ಷದ ವರಿಷ್ಠರು’, ‘ಇಲಾಖೆಯ ಹಿರಿಯ ಅಧಿಕಾರಿಗಳು’ ಎಂಬ ಮೂರು ಪ್ರಯೋಗಗಳನ್ನು ಕಂಡ ವಿದ್ಯಾರ್ಥಿಯೊಬ್ಬ, ವರಿಷ್ಠ ಎಂದರೂ ಹಿರಿಯ ಎಂದರೂ ಒಂದೇ ಅಲ್ಲವೇ ಎಂದು ಕೇಳಿದ. ವರಿಷ್ಠ ಎಂದರೆ ಎಲ್ಲರಿಗಿಂತ ಮೇಲಿನವನು ಎಂದು ಉತ್ತರಿಸಿದೆ. ಹಾಗಿದ್ದರೆ ವರಿಷ್ಠಾಧಿಕಾರಿಯ ಮೇಲೆ ಮಹಾನಿರೀಕ್ಷಕರೂ ಮಹಾನಿರ್ದೇಶಕರೂ ಇರುವುದು ಹೇಗೆ ಎಂದು ಅವನು ಮತ್ತೆ ಕೇಳಿದ. ಈ ಪದದ ಸರಿಯಾದ ಅರ್ಥ ಮತ್ತು ಬಳಕೆಯನ್ನು ದಯವಿಟ್ಟು ವಿವರಿಸಿ.

ಉತ್ತರ: ತಮ್ಮ ವಿದ್ಯಾರ್ಥಿಯ ಎರಡನೆಯ ಪ್ರಶ್ನೆ ಈ ಪದದ ತಿರುಳನ್ನೇ ಮುಟ್ಟಿದೆ. ತಾವು ಹೇಳಿದ ಅರ್ಥವೂ ಸರಿಯಾಗಿಯೇ ಇದೆ. ಆದರೆ ‘ಎಲ್ಲರಿಗಿಂತ’ ಎಂಬಲ್ಲಿ ಆ ಎಲ್ಲರು ಯಾರು ಎಂಬುದನ್ನು ತಿಳಿಯದೆ ವರಿಷ್ಠ ಎಂಬ ಪದವನ್ನು ಅರ್ಥ ಮಾಡಿಕೊಳ್ಳಲು ಬರುವುದಿಲ್ಲ.

ಮೊದಲು ಪದದ ರಚನೆಯನ್ನು ನೋಡೋಣ. ಸಂಸ್ಕೃತದಲ್ಲಿ ಇಬ್ಬರನ್ನು ಅಥವಾ ಎರಡು ವಸ್ತುಗಳನ್ನು ಹೋಲಿಸಿ ಒಂದು ಹೆಚ್ಚೆಂದು ಹೇಳುವುದಕ್ಕೆ ‘ತರ’ ಮತ್ತು ‘ಈಯಸ್’ ಎಂಬ ಪ್ರತ್ಯಯಗಳಿವೆ. ಹಲವರ ನಡುವೆ ಒಬ್ಬರನ್ನು ಎತ್ತಿ ಹೇಳುವುದಕ್ಕೆ ‘ತಮ’ ಮತ್ತು ‘ಇಷ್ಠ’ ಎಂಬವು ಇವೆ. ಪಾಣಿನಿಯ ಅಷ್ಟಾಧ್ಯಾಯಿಯ ಐದನೆಯ ಅಧ್ಯಾಯದಲ್ಲಿ ಈ ವಿಧಿಗಳು ಬರುತ್ತವೆ. ‘ಇಷ್ಠ’ ಪ್ರತ್ಯಯ ಹತ್ತಿದಾಗ ಕೆಲವು ಮೂಲಪದಗಳು ಗುರುತು ಸಿಗದಷ್ಟು ಬದಲಾಗುತ್ತವೆ. ‘ಗುರು’ ಎಂಬುದು ‘ಗರ್’ ಆಗಿ ‘ಗರಿಷ್ಠ’ ಎಂಬ ರೂಪ ಬರುತ್ತದೆ. ‘ಪ್ರಶಸ್ಯ’ ಎಂಬುದು ‘ಶ್ರ’ ಆಗಿ ‘ಶ್ರೇಷ್ಠ’ ಆಗುತ್ತದೆ. ‘ಯುವ’ ಮತ್ತು ‘ಅಲ್ಪ’ ಎಂಬವು ‘ಕನ್’ ಆಗಿ ‘ಕನಿಷ್ಠ’ ಆಗುತ್ತವೆ. ಇದೇ ದಾರಿಯಲ್ಲಿ ‘ಉರು’ ಎಂಬ ಪದ ‘ವರ್’ ಆಗಿ ‘ವರಿಷ್ಠ’ ಎಂಬ ರೂಪವನ್ನು ಪಡೆಯಿತು. ಉರು ಎಂದರೆ ವಿಶಾಲವಾದದ್ದು, ವಿಸ್ತಾರವಾದದ್ದು. ಮೂರು ಹೆಜ್ಜೆಗಳಲ್ಲಿ ಲೋಕಗಳನ್ನು ಅಳೆದ ವಿಷ್ಣುವಿಗೆ ‘ಉರುಕ್ರಮ’ ಎಂಬ ಹೆಸರಿರುವುದು ಈ ಅರ್ಥದಿಂದಲೇ. ವರಿಷ್ಠ ಎಂಬುದನ್ನು ‘ವರ’ ಎಂಬ ಪದದ ಅತಿಶಯ ರೂಪವೆಂದು ಹೇಳುವ ನಿಘಂಟುಗಳೂ ಇವೆ. ಆಗ ಅದರ ಅರ್ಥ ಅತ್ಯುತ್ತಮ, ಆಯ್ದುಕೊಳ್ಳಲು ಎಲ್ಲಕ್ಕಿಂತ ಯೋಗ್ಯ ಎಂದಾಗುತ್ತದೆ. ಎರಡರಲ್ಲಿ ಯಾವುದನ್ನು ಒಪ್ಪಿದರೂ ಒಂದು ಸಂಗತಿ ಖಚಿತವಾಗಿ ಉಳಿಯುತ್ತದೆ: ಈ ಪದದ ಮೂಲದಲ್ಲಿ ವಯಸ್ಸಿನ ಸುಳಿವೇ ಇಲ್ಲ. ವಯಸ್ಸಿನಲ್ಲಿ ಎಲ್ಲರಿಗಿಂತ ದೊಡ್ಡವನನ್ನು ಹೇಳಲು ಸಂಸ್ಕೃತದಲ್ಲಿ ‘ವೃದ್ಧ’ ಶಬ್ದದಿಂದ ಬಂದ ‘ವರ್ಷಿಷ್ಠ’ ಮತ್ತು ‘ಜ್ಯೇಷ್ಠ’ ಎಂಬ ಬೇರೆಯೇ ರೂಪಗಳಿವೆ. ವರಿಷ್ಠ, ವರ್ಷಿಷ್ಠ ಎಂಬವು ಕಿವಿಗೆ ಹತ್ತಿರವಾದರೂ ಅರ್ಥದಲ್ಲಿ ದೂರದವು.

ಇನ್ನು ‘ಯಾರಲ್ಲಿ’ ಎಂಬ ಪ್ರಶ್ನೆಗೆ ಬರೋಣ. ಅತಿಶಯವನ್ನು ಹೇಳುವ ಪದಕ್ಕೆ ಒಂದು ಗುಂಪು ಬೇಕು. ಗುಂಪಿನಿಂದ ಒಬ್ಬರನ್ನು ಬೇರ್ಪಡಿಸಿ ತೋರಿಸುವುದನ್ನು ವ್ಯಾಕರಣದಲ್ಲಿ ‘ನಿರ್ಧಾರಣ’ ಎನ್ನುತ್ತಾರೆ; ಆ ಗುಂಪಿನ ಹೆಸರಿಗೆ ಷಷ್ಠಿಯೋ ಸಪ್ತಮಿಯೋ ವಿಭಕ್ತಿ ಬರುತ್ತದೆ. ನಮ್ಮಲ್ಲಿ ಬಹಳ ಮಂದಿಗೆ ಬಾಯಿಪಾಠವಾಗಿರುವ ಆಂಜನೇಯನ ಶ್ಲೋಕದಲ್ಲಿ ‘ಬುದ್ಧಿಮತಾಂ ವರಿಷ್ಠಂ’ ಎಂಬ ಮಾತಿದೆ. ಹನುಮಂತನನ್ನು ಅಲ್ಲಿ ಬರಿದೇ ವರಿಷ್ಠ ಎಂದು ಕರೆದಿಲ್ಲ, ಬುದ್ಧಿವಂತರಲ್ಲಿ ವರಿಷ್ಠ ಎಂದು ಕರೆದಿದೆ. ಮುಂಡಕೋಪನಿಷತ್ತಿನಲ್ಲಿ ಆತ್ಮದಲ್ಲಿಯೇ ರಮಿಸುವ ಜ್ಞಾನಿಯನ್ನು ‘ಬ್ರಹ್ಮವಿದಾಂ ವರಿಷ್ಠಃ’ ಎಂದು ವರ್ಣಿಸಿದೆ. ಅಲ್ಲಿಯೂ ಬ್ರಹ್ಮವನ್ನು ಅರಿತವರ ಗುಂಪನ್ನು ಹೆಸರಿಸಿಯೇ ಅವರಲ್ಲಿ ಈತ ಹೆಚ್ಚಿನವನು ಎಂದು ಹೇಳಿದೆ. ಹಾಗೆ ನೋಡಿದರೆ ವರಿಷ್ಠ ಎಂಬುದು ಒಂದು ಎಲ್ಲೆಯೊಳಗೆ ನಿಂತು ಮಾತ್ರ ಬೆಳಗುವ ಪದ. ಎಲ್ಲೆ ಬದಲಾದರೆ ವರಿಷ್ಠನೂ ಬದಲಾಗುತ್ತಾನೆ.

ಪೊಲೀಸ್ ವರಿಷ್ಠಾಧಿಕಾರಿಯ ವಿಷಯದಲ್ಲಿ ಆ ಎಲ್ಲೆ ಜಿಲ್ಲೆ. ಜಿಲ್ಲೆಯ ಪೊಲೀಸ್ ಅಧಿಕಾರಿಗಳಲ್ಲಿ ಅವರೇ ಎಲ್ಲರಿಗಿಂತ ಮೇಲಿನವರು. ಜಿಲ್ಲೆಯ ಆಚೆಗೆ, ಹಲವು ಜಿಲ್ಲೆಗಳನ್ನು ಒಳಗೊಂಡ ವಲಯಕ್ಕೆ ಮಹಾನಿರೀಕ್ಷಕರು ಅಥವಾ ಉಪ ಮಹಾನಿರೀಕ್ಷಕರು ಇರುತ್ತಾರೆ; ಇಡೀ ರಾಜ್ಯದ ಪಡೆಗೆ ಮಹಾನಿರ್ದೇಶಕರು ಮುಖ್ಯಸ್ಥರು. ಬೆಂಗಳೂರು, ಮೈಸೂರು, ಮಂಗಳೂರಿನಂತಹ ನಗರಗಳಲ್ಲಿ ಪೊಲೀಸ್ ಆಯುಕ್ತರ ವ್ಯವಸ್ಥೆ ಇರುವುದರಿಂದ ಅಲ್ಲಿ ನಗರದ ಪೊಲೀಸರಲ್ಲಿ ವರಿಷ್ಠರು ಆಯುಕ್ತರೇ ಆಗಿರುತ್ತಾರೆ, ವರಿಷ್ಠಾಧಿಕಾರಿ ಎಂಬ ಪದನಾಮ ಅವರಿಗಿಲ್ಲದಿದ್ದರೂ. ಹೀಗೆ ವಿವರಿಸಿದರೆ ತಮ್ಮ ವಿದ್ಯಾರ್ಥಿಗೆ ಗೊಂದಲ ಉಳಿಯಲಾರದು.

ಇಲ್ಲಿ ಇನ್ನೂ ಒಂದು ಮಾತನ್ನು ಸೇರಿಸಬೇಕು. ತನಿಖಾ ವಿಭಾಗಗಳಲ್ಲಿ, ತರಬೇತಿ ಸಂಸ್ಥೆಗಳಲ್ಲಿ ಇದೇ ದರ್ಜೆಯ ಹಲವು ಅಧಿಕಾರಿಗಳು ಒಟ್ಟಿಗೆ ಕೆಲಸ ಮಾಡುತ್ತಾರೆ, ಅವರೆಲ್ಲರನ್ನೂ ವರಿಷ್ಠಾಧಿಕಾರಿಗಳೆಂದೇ ಪತ್ರಿಕೆಗಳು ಬರೆಯುತ್ತವೆ. ಒಂದೇ ಕಚೇರಿಯಲ್ಲಿ ಹಲವು ಮಂದಿ ‘ಎಲ್ಲರಿಗಿಂತ ಮೇಲಿನವರು’ ಆಗಲಾರರು. ಅಂಥಲ್ಲಿ ಪದದ ಮೂಲಾರ್ಥ ಹಿಂದಕ್ಕೆ ಸರಿದು, ಅದು ಒಂದು ದರ್ಜೆಯ ಹೆಸರಾಗಿ ನೆಲೆಗೊಂಡಿದೆ. ಕೆಸರಿನಲ್ಲಿ ಹುಟ್ಟಿದ್ದೆಲ್ಲವನ್ನೂ ಪಂಕಜವೆನ್ನದೆ ತಾವರೆಯೊಂದನ್ನೇ ಪಂಕಜವೆನ್ನುವ ಹಾಗೆ, ಇದೂ ರಚನೆಯ ಅರ್ಥದ ಜೊತೆಗೆ ರೂಢಿಯ ಬಲದಿಂದ ನಿಂತ ಪದ. ನಮ್ಮ ವೈಯಾಕರಣರು ಇಂಥವನ್ನು ಯೋಗರೂಢಿ ಎಂದು ಕರೆದಿದ್ದಾರೆ. ಆದ್ದರಿಂದ ಪದನಾಮವಾಗಿ ಬಂದ ವರಿಷ್ಠಾಧಿಕಾರಿಯನ್ನು ತಪ್ಪೆನ್ನಲು ಕಾರಣವಿಲ್ಲ.

ಆದರೂ ಅದೇ ಹುದ್ದೆಗೆ ಸರ್ಕಾರಿ ಬರಹದಲ್ಲಿ ಕಾಣುವ ‘ಪೊಲೀಸ್ ಅಧೀಕ್ಷಕ’ ಎಂಬ ಪದವೇ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ. ‘ಅಧಿ’ ಮತ್ತು ‘ಈಕ್ಷಕ’ ಸೇರಿ ಆದ ಆ ಪದಕ್ಕೆ ಮೇಲೆ ನಿಂತು ನೋಡಿಕೊಳ್ಳುವವನು ಎಂಬ ಅರ್ಥವಿದೆ. ಅಂದರೆ ಅದು ಅಧಿಕಾರಿಯ ಕೆಲಸವನ್ನು ಹೇಳುತ್ತದೆ. ವರಿಷ್ಠಾಧಿಕಾರಿ ಎಂಬುದು ಅವರು ಕುಳಿತ ಎತ್ತರವನ್ನು ಮಾತ್ರ ಹೇಳುತ್ತದೆ. ಇದಲ್ಲದೆ ಅಧೀಕ್ಷಕ ಎಂಬುದಕ್ಕೆ ‘ಉಪ’ ಸೇರಿಸಿ ಉಪಾಧೀಕ್ಷಕ ಎಂದರೆ ಸಹಜವಾಗಿ ಹೊಂದುತ್ತದೆ. ‘ಉಪ ವರಿಷ್ಠಾಧಿಕಾರಿ’, ‘ಹೆಚ್ಚುವರಿ ವರಿಷ್ಠಾಧಿಕಾರಿ’ ಎಂದಾಗ, ಎಲ್ಲರಿಗಿಂತ ಮೇಲಿನವರು ಎಂದು ಹೇಳಿದ ಮರುಗಳಿಗೆಯಲ್ಲೇ ಅವರ ಮೇಲೆ ಇನ್ನೊಬ್ಬರಿದ್ದಾರೆ ಎಂದು ಹೇಳಿದಂತಾಗಿ ಪದ ತನ್ನೊಳಗೇ ಜಗ್ಗಾಡುತ್ತದೆ. ಓದುಗರಿಗೆ ರೂಢಿಯಾಗಿರುವುದರಿಂದ ಪತ್ರಿಕೆಗಳು ಅದನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ಹೊಸದಾಗಿ ಪದನಾಮ ಕಟ್ಟುವವರು ಮಾತ್ರ ಅತಿಶಯ ರೂಪಕ್ಕೆ ‘ಉಪ’ ಹಚ್ಚುವ ಮುನ್ನ ಯೋಚಿಸಬೇಕು.

‘ಪಕ್ಷದ ವರಿಷ್ಠರು’ ಎಂಬ ಬಳಕೆಯಲ್ಲಿ ಗುಂಪು ಯಾವುದು ಎಂಬುದು ಸ್ಪಷ್ಟವಾಗಿದೆ. ‘ಹೈಕಮಾಂಡ್’ ಎಂಬ ಪದಕ್ಕೆ ಕನ್ನಡ ಪತ್ರಕರ್ತರು ಕಂಡುಕೊಂಡ ಈ ಪರ್ಯಾಯ ಅರ್ಥಕ್ಕೆ ತಕ್ಕುದಾಗಿಯೂ ಇದೆ. ಪಕ್ಷದೊಳಗೆ ತೀರ್ಮಾನದ ಕೊನೆಯ ಅಧಿಕಾರ ಯಾರ ಕೈಯಲ್ಲಿದೆಯೋ ಅವರು ವರಿಷ್ಠರು. ಇಲ್ಲಿ ವಯಸ್ಸು ಲೆಕ್ಕಕ್ಕೆ ಬರುವುದಿಲ್ಲ. ಎಂಬತ್ತು ದಾಟಿದ ನಾಯಕರು ಪಕ್ಷದ ಹಿರಿಯರಾಗಿದ್ದು ವರಿಷ್ಠರಾಗಿರದೇ ಇರಬಹುದು. ಐವತ್ತರ ಅಧ್ಯಕ್ಷರು ಹಿರಿಯರಲ್ಲದಿದ್ದರೂ ವರಿಷ್ಠರಾಗಿರಬಹುದು. ‘ಹಿರಿಯರನ್ನು ವರಿಷ್ಠರು ಕಡೆಗಣಿಸಿದರು’ ಎಂಬ ವಾಕ್ಯ ಅರ್ಥಪೂರ್ಣವಾಗಿ ನಿಲ್ಲುತ್ತದೆಯಲ್ಲ, ಅದೇ ಈ ಎರಡು ಪದಗಳು ಒಂದೇ ಅಲ್ಲ ಎಂಬುದಕ್ಕೆ ಸಾಕ್ಷಿ. ತರಗತಿಯಲ್ಲಿ ಈ ವಾಕ್ಯವನ್ನೇ ಹಲಗೆಯ ಮೇಲೆ ಬರೆದು ತೋರಿಸಬಹುದು.

ಪತ್ರಿಕೆಗಳಲ್ಲಿ ಈ ಬಳಕೆಯ ಒಂದು ಕೊರತೆಯನ್ನೂ ಹೇಳಲೇಬೇಕು. ‘ವರಿಷ್ಠರು ಒಪ್ಪಿದ್ದಾರೆ’, ‘ವರಿಷ್ಠರ ಗಮನಕ್ಕೆ ತರಲಾಗಿದೆ’ ಎಂದು ಬರೆದಾಗ, ಬಹುವಚನವು ಗೌರವಕ್ಕೆ ಬಂದದ್ದೋ ನಿಜವಾಗಿ ಹಲವರನ್ನು ಸೂಚಿಸುತ್ತದೆಯೋ ತಿಳಿಯುವುದಿಲ್ಲ. ಒಪ್ಪಿದವರು ಪಕ್ಷದ ಅಧ್ಯಕ್ಷರೊಬ್ಬರೇ, ಸಮಿತಿಯೇ, ಉಸ್ತುವಾರಿ ಹೊತ್ತ ಪ್ರಧಾನ ಕಾರ್ಯದರ್ಶಿಯೇ ಎಂಬುದು ಓದುಗನಿಗೆ ತಿಳಿಯಬೇಕಾದ ವಿಷಯ. ಹೆಸರು ಗೊತ್ತಿರುವಾಗ ಹೆಸರನ್ನೇ ಬರೆಯುವುದು ಉತ್ತಮ; ವರಿಷ್ಠರು ಎಂಬ ಪದ ಅಂಥಲ್ಲಿ ಸುದ್ದಿಯ ಸ್ಪಷ್ಟತೆಯನ್ನು ಕಡಿಮೆ ಮಾಡುತ್ತದೆ.

ಇನ್ನು ‘ಹಿರಿಯ’. ಇದು ಅಚ್ಚಗನ್ನಡದ ಪದ. ಹಳಗನ್ನಡದಲ್ಲಿ ‘ಪಿರಿಯ’ ಎಂದಿದ್ದದ್ದು ಪಕಾರ ಹಕಾರವಾಗಿ ಹಿರಿಯ ಎಂದಾಯಿತು. ಇದರ ಬಳಗ ದೊಡ್ಡದು. ‘ಪೆರ್’ ಎಂಬ ರೂಪದಿಂದ ಹೆಬ್ಬಾಗಿಲು, ಹೆಬ್ಬೆರಳು, ಹೆಮ್ಮರ, ಹೆದ್ದಾರಿಗಳು ಬಂದಿವೆ. ಶಾಸನಗಳಲ್ಲಿ ಅಧಿಕಾರಿಯೊಬ್ಬನ ಪದನಾಮವಾಗಿ ಬರುವ ‘ಪೆರ್ಗಡೆ’ಯೇ ಹೆಗ್ಗಡೆಯಾಗಿ, ಮುಂದೆ ಹೆಗ್ಡೆಯಾಗಿ ಮನೆತನದ ಹೆಸರಾಯಿತು. ಅಂದರೆ ದರ್ಜೆಯಲ್ಲಿ ದೊಡ್ಡವನನ್ನು ಹೇಳಲು ಕನ್ನಡಕ್ಕೆ ತನ್ನದೇ ಆದ ಬೇರು ಮೊದಲಿನಿಂದಲೂ ಇತ್ತು. ಹಿರಿಯ ಎಂಬ ಪದದಲ್ಲಿ ವಯಸ್ಸು, ಅನುಭವ, ಸಂಬಂಧದಲ್ಲಿ ಮೊದಲು ಬಂದಿರುವುದು, ದರ್ಜೆ, ಗೌರವ ಎಲ್ಲವೂ ಬೆರೆತಿವೆ. ಹಿರಿಯ ಮಗ ಎಂದರೆ ಮೊದಲು ಹುಟ್ಟಿದವನು, ಊರಿನ ಹಿರಿಯರು ಎಂದರೆ ಮಾತಿಗೆ ತೂಕವಿರುವವರು, ಹಿರಿಯರಿಗೆ ಎಡೆ ಇಡುವುದು ಎಂದರೆ ಗತಿಸಿದ ಪೂರ್ವಿಕರಿಗೆ ಎಡೆ ಇಡುವುದು. ಬಸವಣ್ಣನವರು ತಮಗಿಂತ ಕಿರಿಯರಿಲ್ಲವೆಂದೂ ಶಿವಭಕ್ತರಿಗಿಂತ ಹಿರಿಯರಿಲ್ಲವೆಂದೂ ಹೇಳಿದಾಗ ಅಲ್ಲಿ ವಯಸ್ಸೂ ಇಲ್ಲ, ಹುದ್ದೆಯೂ ಇಲ್ಲ. ಭಕ್ತಿಯಿಂದ ಬಂದ ದೊಡ್ಡತನವೊಂದೇ ಇದೆ. ಇಷ್ಟು ಹರವುಳ್ಳ ಪದವನ್ನು ವರಿಷ್ಠ ಎಂಬ ಕಿರಿದಾದ ಎಲ್ಲೆಯ ಪದದೊಂದಿಗೆ ಸಮೀಕರಿಸುವುದು ಸರಿಯಲ್ಲ.

ವ್ಯತ್ಯಾಸ ಇನ್ನೊಂದಿದೆ. ಹಿರಿಯ ಎಂಬುದು ಅತಿಶಯವಲ್ಲ, ಹೋಲಿಕೆ. ಒಂದು ಕಚೇರಿಯಲ್ಲಿ ಹತ್ತು ಮಂದಿ ಹಿರಿಯ ಅಧಿಕಾರಿಗಳಿರಬಹುದು, ಅವರಲ್ಲಿ ಒಬ್ಬರಿಗಿಂತ ಒಬ್ಬರು ಹಿರಿಯರಾಗಿರಬಹುದು. ಮೇಲಧಿಕಾರಿ ಎಂಬ ಪದವೂ ಹೀಗೆಯೇ. ಗುಮಾಸ್ತರಿಗೆ ವ್ಯವಸ್ಥಾಪಕರು ಮೇಲಧಿಕಾರಿ, ವ್ಯವಸ್ಥಾಪಕರಿಗೆ ಅವರ ಮೇಲಿನವರು ಮೇಲಧಿಕಾರಿ. ಮೆಟ್ಟಿಲಿನ ಪ್ರತಿ ಹಂತಕ್ಕೂ ಹೊಂದುವ ಪದಗಳಿವು. ವರಿಷ್ಠ ಎಂಬುದು ಕೊನೆಯ ಮೆಟ್ಟಿಲಿಗೆ ಮಾತ್ರ ಹೊಂದುತ್ತದೆ.

ಪ್ರಶ್ನೆ: ನಮ್ಮ ಕಚೇರಿಗೆ ಬರುವ ತ್ರಿಭಾಷಾ ಸುತ್ತೋಲೆಗಳ ಕನ್ನಡ ಪಾಠದಲ್ಲಿ ‘ವರಿಷ್ಠ ಪ್ರಬಂಧಕ’, ‘ವರಿಷ್ಠ ನಾಗರಿಕರು’, ‘ಕನಿಷ್ಠ ಸಹಾಯಕ’ ಎಂಬ ಪದಗಳಿರುತ್ತವೆ. ಇವು ಕನ್ನಡದಲ್ಲಿ ಸರಿಯೇ?

ಉತ್ತರ: ಸರಿಯಲ್ಲ. ಹಿಂದಿಯಲ್ಲಿ ವರಿಷ್ಠ ಮತ್ತು ಕನಿಷ್ಠ ಎಂಬವು ನಮ್ಮ ಹಿರಿಯ ಮತ್ತು ಕಿರಿಯ ಎಂಬ ಜೋಡಿಯ ಜಾಗದಲ್ಲಿ ಬಳಕೆಯಾಗುತ್ತವೆ. ಅಲ್ಲಿ ಅವು ತಮ್ಮ ಅತಿಶಯದ ಅರ್ಥವನ್ನು ಕಳೆದುಕೊಂಡು ಬರಿಯ ಹೋಲಿಕೆಯ ಪದಗಳಾಗಿವೆ. ಆ ಭಾಷೆಯ ರೂಢಿ ಅದು, ಅದರಲ್ಲಿ ದೋಷವಿಲ್ಲ. ಆದರೆ ಸಂಸ್ಕೃತದ ಒಂದೇ ಪದ ಬೇರೆ ಬೇರೆ ಭಾಷೆಗಳಲ್ಲಿ ಬೇರೆ ಬೇರೆ ಬದುಕು ಬಾಳುತ್ತದೆ ಎಂಬುದನ್ನು ಅನುವಾದಕರು ಮರೆತಾಗ ಇಂಥ ಪಾಠಗಳು ಹುಟ್ಟುತ್ತವೆ. ಲಿಪಿಯನ್ನು ಬದಲಿಸಿದ ಮಾತ್ರಕ್ಕೆ ಹಿಂದಿ ಕನ್ನಡವಾಗುವುದಿಲ್ಲ.

ಕನ್ನಡದಲ್ಲಿ ‘ವರಿಷ್ಠ ನಾಗರಿಕರು’ ಎಂದರೆ ನಾಗರಿಕರಲ್ಲಿ ಎಲ್ಲರಿಗಿಂತ ಮೇಲಿನವರು ಎಂಬ ಅರ್ಥ ಬಂದು, ಸಮಾನತೆಯನ್ನು ಸಾರುವ ನಾಗರಿಕತ್ವಕ್ಕೇ ಅದು ಒಪ್ಪದ ಮಾತಾಗುತ್ತದೆ. ಅರವತ್ತು ತುಂಬಿದವರನ್ನು ಕನ್ನಡಿಗರು ‘ಹಿರಿಯ ನಾಗರಿಕರು’ ಎಂದು ಕರೆದು ಬಹಳ ಕಾಲವಾಯಿತು. ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆಗಾಗಿ 2007ರಲ್ಲಿ ಬಂದ ಕಾಯ್ದೆಯ ಬಗ್ಗೆ ಕನ್ನಡದಲ್ಲಿ ಬರೆಯುವಾಗಲೂ ಇದೇ ಪದ ನಡೆಯುತ್ತದೆ. ‘ಕನಿಷ್ಠ ಸಹಾಯಕ’ ಎಂಬುದಂತೂ ಅನರ್ಥಕ್ಕೇ ದಾರಿ. ಕನ್ನಡದಲ್ಲಿ ಕನಿಷ್ಠ ಎಂದರೆ ಪ್ರಮಾಣದಲ್ಲಿ ಅತಿ ಕಡಿಮೆಯಾದದ್ದು: ಕನಿಷ್ಠ ವೇತನ, ಕನಿಷ್ಠ ಬೆಂಬಲ ಬೆಲೆ, ಕನಿಷ್ಠ ಉಷ್ಣಾಂಶ, ಕನಿಷ್ಠಪಕ್ಷ. ಒಬ್ಬ ನೌಕರರಿಗೆ ಈ ವಿಶೇಷಣ ಹಚ್ಚಿದರೆ ಅವರನ್ನು ಕೀಳಾಗಿ ಕಂಡಂತೆ ಕೇಳಿಸುತ್ತದೆ. ಇದೇ ರೀತಿ ‘ಗರಿಷ್ಠ’ ಎಂಬುದು ನಮ್ಮಲ್ಲಿ ಪ್ರಮಾಣದ ಮೇಲ್ಮಿತಿಯನ್ನು ಹೇಳಿದರೆ, ಹಿಂದಿಯಲ್ಲಿ ಗರಿಷ್ಠ ಭೋಜನ ಎಂದರೆ ಜೀರ್ಣವಾಗಲು ಕಷ್ಟವಾದ ಊಟ. ಗುರು ಎಂಬುದರ ಭಾರದ ಅರ್ಥ ಅಲ್ಲಿ ಇನ್ನೂ ಉಳಿದಿದೆ.

ಹಿರಿಯ ಮತ್ತು ಕಿರಿಯ ಎಂಬ ಜೋಡಿ ನಮ್ಮ ಆಡಳಿತದಲ್ಲಿ ಚೆನ್ನಾಗಿ ಬೇರೂರಿದೆ. ಹಿರಿಯ ಪ್ರಾಥಮಿಕ ಶಾಲೆ, ಕಿರಿಯ ಪ್ರಾಥಮಿಕ ಶಾಲೆ, ಹಿರಿಯ ಸಿವಿಲ್ ನ್ಯಾಯಾಧೀಶ, ಕಿರಿಯ ಎಂಜಿನಿಯರ್, ಹಿರಿಯ ವಕೀಲ ಎಂಬವು ಯಾರ ಕಿವಿಗೂ ಅಪರಿಚಿತವಲ್ಲ. ಹಿರಿಯ ವಕೀಲ ಎಂಬುದು 1961ರ ವಕೀಲರ ಕಾಯ್ದೆಯ ಪ್ರಕಾರ ನ್ಯಾಯಾಲಯ ನೀಡುವ ಒಂದು ಮನ್ನಣೆಯೂ ಆಗಿರುವುದರಿಂದ, ವಯಸ್ಸಾದ ವಕೀಲರನ್ನೆಲ್ಲ ಹಾಗೆ ಕರೆಯುವಾಗ ಬರೆಯುವವರು ಎಚ್ಚರ ವಹಿಸುವುದು ಒಳ್ಳೆಯದು. ತಮ್ಮ ಸುತ್ತೋಲೆಯಲ್ಲಿ ‘ಹಿರಿಯ ವ್ಯವಸ್ಥಾಪಕ’, ‘ಹಿರಿಯ ನಾಗರಿಕರು’, ‘ಕಿರಿಯ ಸಹಾಯಕ’ ಎಂದು ತಿದ್ದಿಕೊಳ್ಳಬಹುದು.

ಪ್ರಶ್ನೆ: ನೌಕರರ ಪಟ್ಟಿಯನ್ನು ‘ಜ್ಯೇಷ್ಠತಾ ಪಟ್ಟಿ’ ಎನ್ನುತ್ತೇವೆ. ಜ್ಯೇಷ್ಠತೆ, ಹಿರಿತನ, ಹಿರಿಮೆ, ವರಿಷ್ಠತೆ ಇವುಗಳನ್ನು ಒಂದರ ಬದಲು ಒಂದು ಬಳಸಬಹುದೇ?

ಉತ್ತರ: ಮೊದಲ ಎರಡನ್ನು ಬಳಸಬಹುದು, ಉಳಿದವನ್ನು ಬಳಸಬಾರದು. ಜ್ಯೇಷ್ಠ ಎಂಬುದು ಕ್ರಮದಲ್ಲಿ ಮೊದಲು ಬಂದವನನ್ನು ಹೇಳುತ್ತದೆ. ಕುಟುಂಬದಲ್ಲಿ ಅದು ಹುಟ್ಟಿನ ಕ್ರಮ, ಸರ್ಕಾರಿ ಸೇವೆಯಲ್ಲಿ ನೇಮಕದ ಕ್ರಮ. ಕರ್ನಾಟಕ ಸರ್ಕಾರಿ ನೌಕರರ ಜ್ಯೇಷ್ಠತೆಯನ್ನು ಗೊತ್ತುಪಡಿಸಲು 1957ರ ನಿಯಮಗಳಿವೆ. ಆ ನಿಯಮಗಳು ನೋಡುವುದು ನೌಕರರ ವಯಸ್ಸನ್ನಾಗಲಿ ಯೋಗ್ಯತೆಯ ಹೊಗಳಿಕೆಯನ್ನಾಗಲಿ ಅಲ್ಲ, ಒಂದು ವೃಂದದಲ್ಲಿ ಅವರ ಸ್ಥಾನ ಯಾವ ಕ್ರಮದಲ್ಲಿ ನಿಲ್ಲುತ್ತದೆ ಎಂಬುದನ್ನು. ಹಾಗಾಗಿಯೇ ಐವತ್ತು ವರ್ಷದ ನೌಕರರೊಬ್ಬರು ನಲವತ್ತು ವರ್ಷದ ಸಹೋದ್ಯೋಗಿಗಿಂತ ಸೇವೆಯಲ್ಲಿ ಕಿರಿಯರಾಗಿರುವುದು ಸಾಧ್ಯ. ‘ಸೇವಾ ಹಿರಿತನ’ ಎಂದರೂ ಇದೇ ಅರ್ಥ. ಸರಳವಾಗಿ ಬರೆಯಬೇಕೆನ್ನುವವರಿಗೆ ಅದು ಹೆಚ್ಚು ಹಿತವಾದ ಪದ. ಇನ್ನು ಜ್ಯೇಷ್ಠತೆ ಎಂಬುದು ಕಾನೂನಿನ ಪದವಾಗಿ ಸ್ಥಿರಗೊಂಡಿರುವುದರಿಂದ ಆದೇಶ, ಮೇಲ್ಮನವಿಗಳಲ್ಲಿ ಅದನ್ನೇ ಉಳಿಸಿಕೊಳ್ಳುವುದು ಕ್ಷೇಮ.

ಹಿರಿಮೆ ಎಂಬುದು ಬೇರೆ ಲೋಕದ ಮಾತು. ಹಿರಿತನವು ಕಾಲದಿಂದ ತಾನಾಗಿ ಬರುತ್ತದೆ, ಹಿರಿಮೆಯನ್ನು ಗಳಿಸಬೇಕು. ನಾಡಿನ ಹಿರಿಮೆ, ನುಡಿಯ ಹಿರಿಮೆ, ಕವಿಯ ಹಿರಿಮೆ ಎಂದಾಗ ನಾವು ಹೇಳುವುದು ಗುಣದ ಎತ್ತರವನ್ನು. ‘ಹಿರಿಮೆಯ ಪಟ್ಟಿ’ ಎಂದು ಸೇವೆಯ ಕ್ರಮವನ್ನು ಯಾರೂ ಕರೆಯಲಾರರು. ಒಂದೇ ಬೇರಿನಿಂದ ಹುಟ್ಟಿದ ಎರಡು ಪದಗಳಿಗೆ ಎರಡು ಪ್ರತ್ಯಯ ಹಚ್ಚಿ ಇಷ್ಟು ಸೂಕ್ಷ್ಮವಾದ ಭೇದವನ್ನು ತೋರಿದ ಕನ್ನಡದ ಶಕ್ತಿಯನ್ನು ನಾವು ಬಳಕೆಯಲ್ಲಿ ಕಾಪಾಡಿಕೊಳ್ಳಬೇಕು ಎಂಬುದು ನನ್ನ ಆಸೆ.

ಜ್ಯೇಷ್ಠತೆಗೂ ವರಿಷ್ಠತೆಗೂ ಇರುವ ಅಂತರಕ್ಕೆ ಮಹಾಭಾರತಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಧೃತರಾಷ್ಟ್ರ ಜ್ಯೇಷ್ಠ; ಆದರೆ ಕುರುಡುತನದ ಕಾರಣದಿಂದ ಪಟ್ಟ ಪಾಂಡುವಿಗೆ ಬಂತು, ರಾಜ್ಯದಲ್ಲಿ ವರಿಷ್ಠನಾದವನು ಪಾಂಡು. ಆ ಮನೆತನಕ್ಕೆಲ್ಲ ಹಿರಿಯನಾಗಿದ್ದ ಭೀಷ್ಮ ಜ್ಯೇಷ್ಠ ಪುತ್ರನಾಗಿದ್ದೂ ಸಿಂಹಾಸನವನ್ನು ಬಿಟ್ಟುಕೊಟ್ಟವನು. ಮೂರು ಪದಗಳು ಮೂವರಲ್ಲಿ ಹಂಚಿಹೋದದ್ದರಿಂದಲೇ ಆ ಕಥೆಯ ಸಂಕಟ ಮೊದಲಾಗುತ್ತದೆ. ಉಪನಿಷತ್ತುಗಳೂ ಈ ಪದಗಳನ್ನು ಬೇರ್ಪಡಿಸಿಯೇ ಬಳಸುತ್ತವೆ. ಇಂದ್ರಿಯಗಳು ತಮ್ಮಲ್ಲಿ ಯಾರು ಮೇಲು ಎಂದು ವಾದಿಸುವ ಛಾಂದೋಗ್ಯದ ಪ್ರಸಂಗದಲ್ಲಿ ಪ್ರಾಣವನ್ನು ‘ಜ್ಯೇಷ್ಠವೂ ಶ್ರೇಷ್ಠವೂ’ ಎಂದು ಎರಡು ಮಾತುಗಳಲ್ಲಿ ಹೇಳಿದೆ. ಮೊದಲು ಬಂದದ್ದೂ ಹೌದು, ಮಿಗಿಲಾದದ್ದೂ ಹೌದು ಎಂದು ಎರಡನ್ನೂ ಹೇಳಬೇಕಾಗಿ ಬಂದದ್ದು, ಒಂದಿದ್ದಲ್ಲಿ ಇನ್ನೊಂದು ಇರಲೇಬೇಕೆಂಬ ನಿಯಮ ಇಲ್ಲದಿರುವುದರಿಂದಲೇ.

ಪ್ರಶ್ನೆ: ವರಿಷ್ಠ, ಶ್ರೇಷ್ಠ ಎಂಬವು ಈಗಾಗಲೇ ಅತಿಶಯ ರೂಪಗಳಾದ್ದರಿಂದ ‘ಅತ್ಯಂತ ಶ್ರೇಷ್ಠ’, ‘ಸರ್ವಶ್ರೇಷ್ಠ’, ‘ಶ್ರೇಷ್ಠತಮ’ ಎಂಬ ಪ್ರಯೋಗಗಳು ದ್ವಿರುಕ್ತಿ ದೋಷವೆಂದು ಒಬ್ಬ ಹಿರಿಯ ವಿದ್ವಾಂಸರು ತಿದ್ದಿದರು. ಇದು ನಿಜವೇ?

ಉತ್ತರ: ರಚನೆಯನ್ನು ಮಾತ್ರ ನೋಡಿದರೆ ಅವರ ಆಕ್ಷೇಪ ನ್ಯಾಯವಾಗಿ ಕಾಣುತ್ತದೆ, ಬಳಕೆಯನ್ನು ನೋಡಿದರೆ ಅದನ್ನು ಒಪ್ಪುವುದು ಕಷ್ಟ. ಶುಕ್ಲ ಯಜುರ್ವೇದ ಸಂಹಿತೆಯ ಮೊದಲ ಮಂತ್ರದಲ್ಲಿಯೇ ‘ಶ್ರೇಷ್ಠತಮಾಯ ಕರ್ಮಣೇ’ ಎಂಬ ಪ್ರಯೋಗವಿದೆ. ‘ಇಷ್ಠ’ದ ಮೇಲೆ ‘ತಮ’ವನ್ನು ಹಚ್ಚುವುದು ಅಷ್ಟು ಹಳೆಯದು. ಒತ್ತು ಕೊಡುವುದಕ್ಕಾಗಿ ಅತಿಶಯದ ಮೇಲೆ ಅತಿಶಯವನ್ನು ಪೇರಿಸುವುದು ಭಾಷೆಯ ಸಹಜ ನಡೆ.

ಕನ್ನಡದ ಸಂದರ್ಭದಲ್ಲಿ ಇನ್ನೂ ಬಲವಾದ ಕಾರಣವೊಂದಿದೆ. ಕನ್ನಡದಲ್ಲಿ ಹೋಲಿಕೆಗೆ ಗುಣವಾಚಕದ ರೂಪ ಬದಲಾಗುವುದಿಲ್ಲ. ದೊಡ್ಡದು, ಅದಕ್ಕಿಂತ ದೊಡ್ಡದು, ಎಲ್ಲಕ್ಕಿಂತ ದೊಡ್ಡದು ಎನ್ನುತ್ತೇವೆ. ‘ದೊಡ್ಡ’ ಎಂಬುದು ಮೂರರಲ್ಲೂ ಹಾಗೆಯೇ ಉಳಿದು, ಹೋಲಿಕೆಯ ಕೆಲಸವನ್ನೆಲ್ಲ ‘ಇಂತ’ ಎಂಬುದು ಹೊರುತ್ತದೆ. ಆದ್ದರಿಂದ ಸಂಸ್ಕೃತದಿಂದ ಬಂದ ಅತಿಶಯ ರೂಪಗಳೂ ಕನ್ನಡಿಗರ ಬಾಯಲ್ಲಿ ಸಾಮಾನ್ಯ ಗುಣವಾಚಕಗಳಾದವು. ಬಲಿಷ್ಠ ಎಂದರೆ ನಮಗೆ ಬಲವುಳ್ಳವನು, ಪಾಪಿಷ್ಠ ಎಂದರೆ ಪಾಪಿ. ಲೋಕದ ಬಲಶಾಲಿಗಳಲ್ಲಿ ಮೊದಲಿಗ ಎಂದು ಯಾರೂ ತಿಳಿಯುವುದಿಲ್ಲ. ಹೀಗಾಗಿ ‘ಅವನಿಗಿಂತ ಇವನು ಬಲಿಷ್ಠ’ ಎಂಬುದೂ ‘ಅತ್ಯಂತ ಶ್ರೇಷ್ಠ’ ಎಂಬುದೂ ಕನ್ನಡದಲ್ಲಿ ನಿರ್ದುಷ್ಟವಾದ ಮಾತುಗಳು.

ಆದರೆ ವರಿಷ್ಠ ಎಂಬುದನ್ನು ಈ ಗುಂಪಿಗೆ ಸೇರಿಸಲು ನಾನು ಹಿಂಜರಿಯುತ್ತೇನೆ. ಆ ಪದದಲ್ಲಿ ತುತ್ತತುದಿಯ ಅರ್ಥ ಕನ್ನಡದಲ್ಲಿ ಇನ್ನೂ ಮಾಸಿಲ್ಲ. ‘ಅವರಿಗಿಂತ ಇವರು ವರಿಷ್ಠರು’ ಎಂದು ಯಾರೂ ಆಡುವುದಿಲ್ಲ, ‘ಸ್ವಲ್ಪ ವರಿಷ್ಠರು’ ಎಂದು ಹೇಳಿದರೆ ಕೇಳಲಾಗುವುದಿಲ್ಲ. ‘ಪರಮ ವರಿಷ್ಠ’, ‘ಅತಿ ವರಿಷ್ಠ’ ಎಂದು ಬರೆಯುವುದರಿಂದ ಅದಕ್ಕೆ ಹೊಸ ಶಕ್ತಿಯೇನೂ ಬರುವುದಿಲ್ಲ. ಆ ಪದವನ್ನು ಒಂಟಿಯಾಗಿ ಬಿಡುವುದೇ ಮೇಲು.

ಪ್ರಶ್ನೆ: ‘ವರಿಷ್ಟ’ ಸರಿಯೋ ‘ವರಿಷ್ಠ’ ಸರಿಯೋ? ಅಂಗಡಿಗಳ ಫಲಕದಲ್ಲಿ, ಆಮಂತ್ರಣ ಪತ್ರಿಕೆಗಳಲ್ಲಿ ಎರಡೂ ಕಾಣುತ್ತವೆ.

ಉತ್ತರ: ಮಹಾಪ್ರಾಣದ ‘ವರಿಷ್ಠ’ ಸರಿ. ಆಡುವಾಗ ನಾವು ಠಕಾರವನ್ನು ಒತ್ತಿ ಉಚ್ಚರಿಸದಿರುವುದರಿಂದ ಬರೆಯುವಾಗ ಈ ಗೊಂದಲ ಬರುತ್ತದೆ. ಗುಣದ ಅತಿಶಯವನ್ನು ಹೇಳುವ ‘ಇಷ್ಠ’ ಪ್ರತ್ಯಯ ಇರುವಲ್ಲೆಲ್ಲ ಠಕಾರವೇ ಬರುತ್ತದೆ: ಶ್ರೇಷ್ಠ, ಜ್ಯೇಷ್ಠ, ಕನಿಷ್ಠ, ಗರಿಷ್ಠ, ಬಲಿಷ್ಠ, ಘನಿಷ್ಠ. ಊಟದ ವಿಷಯದಲ್ಲಿ ‘ಸ್ವಾದಿಷ್ಟ’ ಎಂದು ಬರೆಯುವುದು ಈಗ ಎಲ್ಲೆಡೆ ಹಬ್ಬಿದೆ. ‘ಸ್ವಾದು’ ಎಂಬುದಕ್ಕೆ ‘ಇಷ್ಠ’ ಸೇರಿ ಬಂದ ಆ ಪದವೂ ‘ಸ್ವಾದಿಷ್ಠ’ ಎಂದೇ ಇರಬೇಕು. ರುಚಿ ನಮಗೆ ಇಷ್ಟವಾಗುವುದರಿಂದ ಅಲ್ಲಿ ‘ಇಷ್ಟ’ ಅಡಗಿದೆ ಎಂದು ಹಲವರು ಭಾವಿಸಿರಬಹುದು, ಆದರೆ ಆ ಪದಕ್ಕೂ ಇದಕ್ಕೂ ಸಂಬಂಧವಿಲ್ಲ.

ಇದಕ್ಕೆ ಬದಲಾಗಿ, ಧಾತುವಿಗೆ ‘ತ’ ಎಂಬ ಕೃತ್ ಪ್ರತ್ಯಯ ಸೇರಿ ಆದ ಪದಗಳಲ್ಲಿ ಅಲ್ಪಪ್ರಾಣದ ಟಕಾರವೇ ಇರುತ್ತದೆ: ಇಷ್ಟ, ನಷ್ಟ, ಭ್ರಷ್ಟ, ಸ್ಪಷ್ಟ, ಸಂತುಷ್ಟ, ಉತ್ಕೃಷ್ಟ, ನಿಕೃಷ್ಟ, ಶಿಷ್ಟ, ವಿಶಿಷ್ಟ. ತಪ್ಪಾಗಬಾರದೆಂಬ ಭಯದಿಂದ ‘ವಿಶಿಷ್ಠ’, ‘ಉತ್ಕೃಷ್ಠ’ ಎಂದು ಬರೆಯುವ ಅಭ್ಯಾಸವೂ ಬೆಳೆದಿದೆ. ಶ್ರೇಷ್ಠ ಮತ್ತು ಉತ್ಕೃಷ್ಟ ಎಂಬವು ಅರ್ಥದಲ್ಲಿ ಬಹಳ ಹತ್ತಿರವಿದ್ದು ಕಾಗುಣಿತದಲ್ಲಿ ಬೇರೆಯಾಗಿರುವುದೇ ಈ ತೊಡಕಿಗೆ ಕಾರಣವಿರಬೇಕು. ‘ಸ್ಥಾ’ ಧಾತುವಿನಿಂದ ಬಂದ ನಿಷ್ಠೆ, ಪ್ರತಿಷ್ಠೆ, ಅನುಷ್ಠಾನ, ಯುಧಿಷ್ಠಿರ ಎಂಬ ಪದಗಳಲ್ಲಿಯೂ ಠಕಾರವಿದೆ. ಸ್ಥಕಾರದ ಮಹಾಪ್ರಾಣವೇ ಅಲ್ಲಿ ಮುಂದುವರಿದಿದೆ.

ವಸಿಷ್ಠ ಎಂಬ ಋಷಿಯ ಹೆಸರಿನಲ್ಲಿಯೂ ಠಕಾರವೇ ಸರಿ. ವರಿಷ್ಠ ಮತ್ತು ವಸಿಷ್ಠ ಎಂಬವು ಒಂದೇ ಪದದ ಎರಡು ರೂಪಗಳೇ ಎಂದೂ ತಾವು ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಅಲ್ಲ, ಪ್ರತ್ಯಯ ಒಂದೇ, ಮೂಲಪದಗಳು ಬೇರೆ.

ಪ್ರಶ್ನೆ: ಮಹಿಳಾ ಅಧಿಕಾರಿಯನ್ನು ‘ವರಿಷ್ಠಾಧಿಕಾರಿಣಿ’ ಎಂದು ಬರೆಯಬೇಕೇ? ಪಕ್ಷದ ಮುಖ್ಯಸ್ಥೆಯನ್ನು ‘ವರಿಷ್ಠೆ’ ಎನ್ನಬಹುದೇ?

ಉತ್ತರ: ಅಧಿಕಾರಿ ಎಂಬ ಪದ ಕನ್ನಡದಲ್ಲಿ ಗಂಡಸರಿಗೂ ಹೆಂಗಸರಿಗೂ ಸಮಾನವಾಗಿ ಸಲ್ಲುತ್ತದೆ, ಜಿಲ್ಲಾಧಿಕಾರಿಣಿ ಎಂದು ನಾವು ಬರೆಯುವುದಿಲ್ಲ. ಹಾಗೆಯೇ ವರಿಷ್ಠಾಧಿಕಾರಿ ಎಂಬುದೇ ಸಾಕು. ‘ವರಿಷ್ಠೆ’ ಎಂಬುದು ವ್ಯಾಕರಣಕ್ಕೆ ಹೊಂದುವ ರೂಪ, ಪತ್ರಿಕೆಗಳಲ್ಲಿ ಬಳಕೆಯೂ ಆಗಿದೆ. ಗೌರವ ಸೂಚಿಸುವ ಬಹುವಚನದಲ್ಲಿ ‘ವರಿಷ್ಠರು’ ಎಂದರೆ ಲಿಂಗಭೇದದ ಪ್ರಶ್ನೆಯೇ ಏಳುವುದಿಲ್ಲವಾದ್ದರಿಂದ, ಹೆಸರಿನ ಹಿಂದೆಯೋ ಮುಂದೆಯೋ ಅದನ್ನು ಬಳಸುವುದನ್ನೇ ನಾನು ಸೂಚಿಸುತ್ತೇನೆ. ಯಾವ ಪಕ್ಷದ ವರಿಷ್ಠರು ಎಂಬುದನ್ನು ಅದರ ಜೊತೆಗೇ ಬರೆಯಿರಿ.